ಅಕ್ಕು ಬೇಡವೆಂದ ಪುಸ್ತಕ

ಬೋಳಾರದಿಂದ ಬಂದರಿನವರೆಗೆ ಅಕ್ಕುವಿನ ಬಾಯಿಗೆ ಹೆದರದವರಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಅವಳು ಓಣಿಯ ತುದಿಯಲ್ಲಿ ಕಾಣಿಸಿಕೊಂಡಳೆಂದರೆ, ಚೌಕಾಸಿಗೆ ನಿಲ್ಲುವ ಹೆಂಗಸರು ಒಮ್ಮೆ ಒಳಗೆ ಹೋಗಿ ಗಂಟಲು ಸರಿಮಾಡಿಕೊಂಡು ಬರಬೇಕಿತ್ತು. ಬಂಗುಡೆಯ ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳಿದ ಒಬ್ಬ ಗುಮಾಸ್ತನಿಗೆ, "ನಿಮ್ಮ ಕಣ್ಣು ಯಾಕೆ ಕೆಂಪು ಅಂತ ನಾನು ಕೇಳಿದೆನಾ?" ಎಂದು ಅವನ ಹೆಂಡತಿಯ ಎದುರಿಗೇ ಮರ್ಯಾದೆ ತೆಗೆದವಳು. ಅಂಥವಳು ತನ್ನ ಮನೆಯೊಳಗೆ ಮಾತ್ರ ಒಂದು ಮಾತನ್ನು ಎಂಟು ವರ್ಷ ಬಾಯಿಂದ ಹೊರಗೆ ಬಿಡಲಿಲ್ಲ. ತಾನೂ ಆಡಲಿಲ್ಲ, ಬೇರೆಯವರು ಆಡುವುದಕ್ಕೂ ಬಿಡಲಿಲ್ಲ. ಗಂಡ ಗಿರಿಯಪ್ಪ ಸತ್ತಿದ್ದಾನೆ ಎಂಬುದೇ ಆ ಮಾತು.

ಊರು ಮದ್ರಾಸನ್ನು ಬಿಟ್ಟು ಮೈಸೂರು ಸೀಮೆಗೆ ಸೇರುವ ಗದ್ದಲ ನಡೆಯುತ್ತಿದ್ದ ವರ್ಷ ಅದು. ಮಳೆಗಾಲ ಕಳೆದು ದೋಣಿಗಳನ್ನು ಮತ್ತೆ ನೀರಿಗಿಳಿಸಿದ ಮೊದಲ ವಾರದಲ್ಲೇ, ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಗಿರಿಯಪ್ಪನ ದೋಣಿ ಮಗುಚಿತು. ಅದರಲ್ಲಿ ಅಕ್ಕುವಿನ ಅಣ್ಣ ಬೂಬನೂ ಇದ್ದ. ಉಳಿದವರೆಲ್ಲ ಈಜಿ ದಡ ಸೇರಿದರು, ಗಿರಿಯಪ್ಪ ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಒದ್ದೆ ಬಟ್ಟೆಯಲ್ಲೇ ಮನೆಯ ಬಾಗಿಲಿಗೆ ಬಂದು ನಿಂತ ಬೂಬನನ್ನು ಅಕ್ಕು ಕೇಳಿದ್ದು ಒಂದೇ ಪ್ರಶ್ನೆ.

"ಅವರು ಸತ್ತದ್ದು ನೋಡಿದೆಯಾ, ಮೇಲೆ ಬಾರದ್ದು ನೋಡಿದೆಯಾ?"

ಬೂಬ ಪ್ರಾಮಾಣಿಕ ಮನುಷ್ಯ. ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು. "ಮೇಲೆ ಬಾರದ್ದು ನೋಡಿದೆ," ಎಂದುಬಿಟ್ಟ.

ಆ ಉತ್ತರವನ್ನು ಅಕ್ಕು ಗಟ್ಟಿಯಾಗಿ ಹಿಡಿದುಕೊಂಡಳು. ಹಾಗೆ ಹಿಡಿಯುವುದಕ್ಕೆ ಅವಳಿಗೊಂದು ಕಾರಣವಿತ್ತು. ಅವಳು ಸಣ್ಣವಳಿದ್ದಾಗ ಅದೇ ಕೇರಿಯ ಐತಪ್ಪ ಎಂಬವನ ದೋಣಿಯೂ ಹೀಗೆಯೇ ಒಡೆದಿತ್ತು. ಹೆಣ ಸಿಗದಿದ್ದರೂ ಮನೆಯವರು ಹೆಚ್ಚು ದಿನ ಕಾಯದೆ ಬೊಜ್ಜ ಮಾಡಿದರು. ಬೊಜ್ಜವೆಂದರೆ ಸತ್ತವನ ಉತ್ತರಕ್ರಿಯೆ. ಊರವರು ಬಂದು ಉಂಡು ಹೋದರೆ ಸತ್ತವನ ಲೆಕ್ಕ ಮುಗಿದಂತೆ. ಊಟದ ಎಲೆ ಎತ್ತಿ ಎಷ್ಟೋ ತಿಂಗಳಾದ ಮೇಲೆ ಐತಪ್ಪ ತನ್ನ ಕಾಲಲ್ಲೇ ನಡೆದುಕೊಂಡು ಬಂದ. ಮಲಬಾರಿನ ಕಡೆಗೆ ಹೋಗುತ್ತಿದ್ದ ಒಂದು ಮಂಜಿಯವರು ಅವನನ್ನು ನೀರಿನಿಂದ ಎತ್ತಿಕೊಂಡಿದ್ದರಂತೆ. ಹಾಯಿ ಕಟ್ಟಿದ ಆ ಸರಕಿನ ಹಡಗು ಹೋದಲ್ಲೆಲ್ಲ ಅವನೂ ಹೋಗಿ, ಜ್ವರ ಹಿಡಿದು ಮಲಗಿ, ಕೊನೆಗೆ ಮನೆಗೆ ಬಂದರೆ ಹೆಂಡತಿ ಕಿರುಚಿ ಬಾಗಿಲು ಹಾಕಿಕೊಂಡಳು. ಬದುಕಿರುವವನ ಬೊಜ್ಜ ಉಂಡಿದ್ದೇವೆ ಎಂಬ ಹೆದರಿಕೆಗೆ ಊರವರು ಅವನ ಮುಖ ನೋಡುವುದನ್ನೇ ಬಿಟ್ಟರು. ಮಕ್ಕಳಿಗಂತೂ ಅವನು ಆಟದ ವಸ್ತುವಾದ. "ಬೊಜ್ಜದ ಐತಪ್ಪ" ಎಂದು ಕೂಗುತ್ತ ಅವನ ಹಿಂದೆ ಓಡಿದ ಮಕ್ಕಳಲ್ಲಿ ಅಕ್ಕುವೂ ಒಬ್ಬಳು. ಒಂದು ದಿನ ಅವನು ಯಾರಿಗೂ ಹೇಳದೆ ಕಾಸರಗೋಡಿನ ಕಡೆಗೆ ಹೊರಟುಹೋದ, ಮತ್ತೆ ಬರಲೇ ಇಲ್ಲ.

ಆ ಮನುಷ್ಯ ಒಮ್ಮೆ ತಿರುಗಿ ನಿಂತು ಮಕ್ಕಳನ್ನು ನೋಡಿದ್ದು ಅಕ್ಕುವಿಗೆ ನೆನಪಿತ್ತು. ಗಂಡನಿಗೆ ಆ ಗತಿ ತರುವುದಿಲ್ಲವೆಂದು ಅವಳು ನಿಶ್ಚಯಿಸಿದಳು. ಕುತ್ತಿಗೆಯ ಕರಿಮಣಿ ತೆಗೆಯಲಿಲ್ಲ, ಬೊಜ್ಜಕ್ಕೆ ಒಪ್ಪಲಿಲ್ಲ. ಗಿರಿಯಪ್ಪನ ಮುಟ್ಟಾಳೆ, ಅಡಿಕೆ ಹಾಳೆಯ ಟೊಪ್ಪಿ, ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಲೇ ಇತ್ತು. ಅದು ಹುಳ ಹಿಡಿದು ಹಾಳಾದಾಗ ಹೊಸದೊಂದು ತಂದು ಅಲ್ಲೇ ನೇತುಹಾಕಿದಳು. ಯಾರ ತಲೆಯನ್ನೂ ಏರದ ಹೊಸ ಮುಟ್ಟಾಳೆ ಬಾಗಿಲಲ್ಲಿ ತೂಗುವುದನ್ನು ನೋಡಿ ಬೂಬ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಮನೆ ಅಕ್ಕುವಿನ ತಾಯಿಯದು. ಅವರ ಕಟ್ಟಳೆಯಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಮನೆಗೆ ಹಿರಿಯ ಅಂದರೆ ಸೋದರಮಾವ. ಬೂಬನ ಹೆಂಡತಿ ಮಕ್ಕಳು ಅವಳ ತಾಯಿಯ ಮನೆಯಲ್ಲಿ. ಬೂಬ ಇಲ್ಲಿ ತಂಗಿಯ ಮತ್ತು ಅವಳ ಮಗಳ ಜವಾಬ್ದಾರಿ ಹೊತ್ತವನು. ಅಧಿಕಾರ ಅವನದೇ, ಬಾಯಿ ಮಾತ್ರ ಅಕ್ಕುವಿನದು. ವರ್ಷಕ್ಕೊಮ್ಮೆ ಅವನು ಬೊಜ್ಜದ ಮಾತು ತೆಗೆಯುವುದು, ಅವಳು ಅದೇ ಹಳೆಯ ಪ್ರಶ್ನೆ ಕೇಳುವುದು, ಅವನು ಬೀಡಿ ಹಚ್ಚಿಕೊಂಡು ಹೊಳೆಯ ಕಡೆ ಹೋಗುವುದು, ಇಷ್ಟೇ ನಡೆಯುತ್ತಿತ್ತು.

ಇವರಿಬ್ಬರ ಜಗ್ಗಾಟದ ನಡುವೆ ಅಕ್ಕುವಿನ ಮಗಳೊಬ್ಬಳಿದ್ದಳು. ಗಿರಿಯಪ್ಪ ಹೋದಾಗ ಸುಂದರಿಗೆ ಒಂಬತ್ತು ವರ್ಷ. ಅಪ್ಪ ಮಂಜಿ ಹತ್ತಿ ಮಲಬಾರಿಗೆ ಹೋಗಿದ್ದಾರೆ, ಬರುತ್ತಾರೆ ಎಂದು ಅಕ್ಕು ಅವಳಿಗೆ ಹೇಳಿದಳು. ಕೇರಿಯ ನಾಯಿಗೂ ಗೊತ್ತಿದ್ದ ವಿಷಯ ಒಂಬತ್ತು ವರ್ಷದ ಹುಡುಗಿಗೆ ಗೊತ್ತಾಗುವುದಿಲ್ಲವೆಂದು ದೊಡ್ಡವರು ಅದು ಹೇಗೆ ನಂಬುತ್ತಾರೋ! ಒಂದು ಸಂಜೆ ಗಂಜಿ ಉಣ್ಣುವಾಗ ಸುಂದರಿ, "ಅಪ್ಪ ಸತ್ತು..." ಎಂದು ಶುರುಮಾಡಿದಳು. ಅಕ್ಕು ಎದ್ದು ಬಂದು ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಮೀನಿನ ವಾಸನೆಯ ಆ ಕೈ ಎಷ್ಟು ಬಲವಾಗಿ ಒತ್ತಿತೆಂದರೆ, ಬಿಟ್ಟ ಮೇಲೂ ಹುಡುಗಿಯ ಕೆನ್ನೆಯಲ್ಲಿ ಬೆರಳು ಮೂಡಿತ್ತು. ಆಮೇಲೆ ಸುಂದರಿ ಮನೆಯಲ್ಲಿ ಆ ಮಾತು ತೆಗೆಯಲಿಲ್ಲ. ಅವಳು ಅತ್ತದ್ದನ್ನೂ ಯಾರೂ ನೋಡಲಿಲ್ಲ.

ಹೊಳೆಯ ಬದಿಯ ಹೆಂಚಿನ ಮಾಡಿನ ಶಾಲೆಯಲ್ಲಿ ಸುಂದರಿ ಓದುತ್ತಿದ್ದಳು. ಓದಿನಲ್ಲಿ ಚುರುಕು. ಆ ಶಾಲೆಯ ಹೆಡ್‌ಮಾಸ್ಟ್ರು ಝೇವಿಯರ್ ಸಾಧುವಾದ ಮನುಷ್ಯ, ಜಗಳವೆಂದರೆ ಅವರಿಗೆ ಹೆದರಿಕೆ. ಒಮ್ಮೆ ಶಾಲೆಯ ಲೈಬ್ರರಿಯ ಒಂದು ಪುಸ್ತಕದಲ್ಲಿ ಯಾರದೋ ಮನೆಯ ದೈವವನ್ನು ಪಿಶಾಚಿ ಎಂದು ಬರೆದಿದ್ದಾರೆಂದು ದೊಡ್ಡ ಗಲಾಟೆಯಾಗಿ, ಎರಡು ಕೇರಿಯವರು ಶಾಲೆಯ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿದ್ದರು. ಅಂದಿನಿಂದ ಮಾಸ್ಟ್ರು ಒಂದು ಕ್ರಮ ಹುಡುಕಿದರು. ಹಂಪನಕಟ್ಟೆಯ ಅಂಗಡಿಯಿಂದ ಪುಸ್ತಕಗಳ ಕಟ್ಟು ಬಂದ ವಾರದ ಶನಿವಾರ ಮಧ್ಯಾಹ್ನ ಮಕ್ಕಳ ತಂದೆತಾಯಿಗಳು ಬರಬೇಕು. ಅವರಲ್ಲಿ ಓದು ಬಲ್ಲವರು ಕಡಿಮೆ. ಆದ್ದರಿಂದ ಒಂದೊಂದು ಮಗು ಒಂದೊಂದು ಪುಸ್ತಕ ಎತ್ತಿಕೊಂಡು ಒಂದು ಪುಟ ಕನ್ನಡದಲ್ಲಿ ಓದಬೇಕು. ಓದಿದ್ದನ್ನು ತನ್ನ ಮನೆಯ ಭಾಷೆಯಲ್ಲಿ, ತುಳುವೋ ಬ್ಯಾರಿಯೋ ಕೊಂಕಣಿಯೋ, ಮತ್ತೆ ಹೇಳಬೇಕು. ಕೇಳಿದವರಲ್ಲಿ ಯಾರಾದರೂ ಒಬ್ಬರು ಬೇಡ ಎಂದರೆ ಸಾಕು, ಆ ಪುಸ್ತಕ ಅಂಗಡಿಗೆ ವಾಪಸ್ಸು. ಬೇಡ ಅಂದವರನ್ನು ಯಾಕೆ ಎಂದು ಯಾರೂ ಕೇಳಬಾರದು.

"ಯಾಕೆ ಅಂತ ಕೇಳಿದ್ರೆ ಜಗಳ ಶುರು ಆಗ್ತದೆ," ಎಂದು ಮಾಸ್ಟ್ರು ಹೇಳುತ್ತಿದ್ದರು. "ಪುಸ್ತಕ ಬೇಕಾದಷ್ಟು ಉಂಟು. ಇದು ಹೋದ್ರೆ ಇನ್ನೊಂದು."

ಆ ಶನಿವಾರಗಳು ಒಂದು ತಮಾಷೆಯೇ ಆಗಿದ್ದವು. ದೆವ್ವದ ಕತೆ ಬೇಡ ಎನ್ನುವವರು, ರಾಜನಿಗೆ ಇಬ್ಬರು ಹೆಂಡಿರಿರುವ ಕತೆ ಬೇಡ ಎನ್ನುವವರು. ಬಂದರಿನಲ್ಲಿ ಹುರಿಹಗ್ಗದ ವ್ಯಾಪಾರ ಮಾಡುತ್ತಿದ್ದ ಅಹ್ಮದ್ ಬಾವ ತನ್ನ ಮಗಳು ಸುಹರಾಳ ಸಲುವಾಗಿ ತಪ್ಪದೆ ಬರುತ್ತಿದ್ದರು. ಒಂದು ಸಲ ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವ ಸಾಹುಕಾರನ ಕತೆಯನ್ನು ಕೇಳಿ ಅವರಿಗೆ ತಡೆಯಲಾಗಲಿಲ್ಲ. "ಎಂತ ಮಾರಾಯ್ರೆ, ಎಲ್ಲ ಕತೆಯಲ್ಲಿಯೂ ವ್ಯಾಪಾರಿಯೇ ಕಳ್ಳನಾ? ಇದು ಬೇಡ." ಎಲ್ಲರೂ ನಕ್ಕರು, ಪುಸ್ತಕ ಕಟ್ಟಿನಿಂದ ಹೊರಗೆ ಹೋಯಿತು. ಅಕ್ಕು ಮಾತ್ರ ಅಲ್ಲಿ ಬಾಯಿ ಬಿಟ್ಟವಳಲ್ಲ. ಬುಟ್ಟಿಯನ್ನು ಹೊರಗೆ ಮಾವಿನ ಮರದಡಿ ಇಟ್ಟು, ಸೆರಗು ಹೊದ್ದು, ಬೆಂಚಿನ ತುದಿಯಲ್ಲಿ ಕುಳಿತು ಮಗಳು ಓದುವುದನ್ನು ಕೇಳುವುದೇ ಅವಳಿಗೆ ಹಬ್ಬ. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಿಯಿಂದ ಪುಸ್ತಕದ ಕನ್ನಡ ಅಷ್ಟು ಚಂದವಾಗಿ ಬರುತ್ತದಲ್ಲ ಎಂದು ಅವಳಿಗೆ ಆಶ್ಚರ್ಯವಾಗುತ್ತಿತ್ತು.

ಗಿರಿಯಪ್ಪ ಹೋಗಿ ಎರಡು ವರ್ಷವಾಗಿತ್ತು. ಆ ಸಲದ ಕಟ್ಟಿನಿಂದ ಸುಂದರಿ ನೀಲಿ ರಟ್ಟಿನ ಒಂದು ತೆಳ್ಳನೆಯ ಪುಸ್ತಕ ಎತ್ತಿಕೊಂಡಳು. ಎಲ್ಲ ಮಕ್ಕಳೂ ಮೊದಲ ಪುಟ ಓದುವುದು ರೂಢಿ. ಸುಂದರಿ ಎದ್ದು ನಿಂತವಳು ಹಾಳೆ ಮಗುಚುತ್ತ ಮಗುಚುತ್ತ ಕೊನೆಯ ಪುಟಕ್ಕೆ ಹೋದಳು. ಇದೆಂತ ಎಂದು ಅಕ್ಕುವಿಗೆ ಒಂದು ಕ್ಷಣ ಅನಿಸಿತು.

ಅದು ಒಂದು ಮೀನುಗಾರನ ಮಗಳ ಕತೆ. ಕಡಲಿಗೆ ಹೋದ ತಂದೆಗೆಂದು ಹುಡುಗಿ ದಿನವೂ ತನ್ನ ಗಂಜಿಯಲ್ಲಿ ಅರ್ಧ ತೆಗೆದಿಡುತ್ತಾಳೆ. ಕೊನೆಯ ಪುಟದಲ್ಲಿ ಅಜ್ಜಿ ಅವಳನ್ನು ಹತ್ತಿರ ಕರೆದು, ನಿನ್ನ ತಂದೆ ಇನ್ನು ಬರುವುದಿಲ್ಲ, ಅವನು ಕಡಲಲ್ಲಿ ಸತ್ತುಹೋದ, ಬಾ ಮಗು ಅಳು, ನಾನೂ ಅಳುತ್ತೇನೆ, ಆಮೇಲೆ ಇಬ್ಬರೂ ಉಣ್ಣೋಣ ಎನ್ನುತ್ತಾಳೆ. ಸುಂದರಿ ಅದನ್ನು ಕನ್ನಡದಲ್ಲಿ ಓದುವಾಗ ಅಕ್ಕುವಿಗೆ ಪೂರ್ತಿ ಹಿಡಿತ ಸಿಗಲಿಲ್ಲ. ಸಂತೆಯ ಕನ್ನಡ ಬಲ್ಲವಳಿಗೆ ಪುಸ್ತಕದ ಕನ್ನಡ ಸ್ವಲ್ಪ ದೂರ. ಆದರೆ ಓದಿ ಮುಗಿಸಿದ ಮೇಲೆ ಸುಂದರಿ ಪುಸ್ತಕ ಮುಚ್ಚಿದಳು. ಎಲ್ಲರ ಕಡೆ ನೋಡದೆ ತಾಯಿಯೊಬ್ಬಳನ್ನೇ ನೋಡುತ್ತ, ಅದೇ ಮಾತನ್ನು ಒಂದೊಂದಾಗಿ ತುಳುವಿನಲ್ಲಿ ಹೇಳತೊಡಗಿದಳು. ತಂದೆ ಇನ್ನು ಬರುವುದಿಲ್ಲ. ಅವನು ಕಡಲಲ್ಲಿ ಸತ್ತುಹೋದ.

"ಬೇಡ!" ಅಕ್ಕು ಎದ್ದು ನಿಂತಿದ್ದಳು. "ಈ ಪುಸ್ತಕ ಬೇಡ."

ಸುಂದರಿ ನಿಲ್ಲಿಸಲಿಲ್ಲ. "ಬಾ ಮಗು..." ಎಂದಳು.

"ಬೇಡ ಅಂದೆನಲ್ಲ! ನಾನೂ ಒಬ್ಬಳು ತಾಯಿಯೇ. ಒಬ್ಬರು ಬೇಡ ಅಂದ್ರೆ ಸಾಕು ಅಂತ ನೀವೇ ಹೇಳಿದ್ದಲ್ವಾ ಮಾಸ್ಟ್ರೆ?"

ಝೇವಿಯರ್ ಮಾಸ್ಟ್ರು ತಲೆಯಲ್ಲಾಡಿಸಿದರು. ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಡದ ಹೆಂಗಸು ಇವತ್ತು ಯಾಕೆ ಹೀಗೆ ಕೂಗುತ್ತಿದ್ದಾಳೆ ಎಂದು ಅವರು ಒಂದು ಮಾತು ಕೇಳಬಹುದಿತ್ತು. ಅವರು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಕ್ರಮ ಅಂದರೆ ಕ್ರಮ. ಸುಂದರಿಯ ಕೈಯಿಂದ ಪುಸ್ತಕ ತೆಗೆದು ವಾಪಸ್ಸು ಹೋಗುವ ಪುಸ್ತಕಗಳ ಮೇಲಿಟ್ಟರು. ಹುಡುಗಿ ತನ್ನ ಖಾಲಿ ಕೈಗಳನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಬೇಡವಾದ ಪುಸ್ತಕಗಳನ್ನು ಅಂಗಡಿಗೆ ತಲುಪಿಸುವ ಕೆಲಸ ಅಹ್ಮದ್ ಬಾವರದು. ಆ ದಿನ ಅವರು ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಅಲ್ಲಿಂದ ಮೇಲೆ ಸುಂದರಿ ತುಂಬ ಒಳ್ಳೆಯ ಹುಡುಗಿಯಾದಳು. ಹಟವಿಲ್ಲ, ಸಿಟ್ಟಿಲ್ಲ, ಬೇಕು ಎಂಬ ಮಾತಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಸಂಜೆಗೆ ಸುಹರಾಳ ಜೊತೆ ಪಾಠ ಓದುತ್ತೇನೆಂದು ಅಹ್ಮದ್ ಬಾವರ ಮನೆಗೆ ಹೋಗುತ್ತಿದ್ದಳು. ಅಕ್ಕುವಿಗೆ ಅದರಲ್ಲಿ ಚಿಂತೆಯಿರಲಿಲ್ಲ, ಅದು ಅವಳು ದಿನವೂ ಮೀನು ಕೊಡುವ ಮನೆ. ಅಹ್ಮದ್ ಬಾವರ ಹೆಂಡತಿ ಬೀಫಾತಿಮ್ಮ, ಅಕ್ಕುವಿನ ಜೊತೆ ಚೌಕಾಸಿ ಮಾಡಿ ಗೆಲ್ಲಬಲ್ಲ ಊರಿನ ಒಬ್ಬಳೇ ಹೆಂಗಸು. ಆರನೆಯ ಕ್ಲಾಸಿಗೆ ಸುಹರಾಳ ಶಾಲೆ ನಿಂತಿತು. ಆಮೇಲೂ ಸುಂದರಿ ಆ ಮನೆಗೆ ಹೋಗುವುದನ್ನು ಬಿಡಲಿಲ್ಲ.

ಮಗಳ ಬಗ್ಗೆ ಅಕ್ಕುವಿಗೆ ಬಹಳ ಹೆಮ್ಮೆ. ಬೀಫಾತಿಮ್ಮನ ಹಿತ್ತಿಲ ಜಗಲಿಯಲ್ಲಿ ಬೂತಾಯಿ ಮೀನು ಎಣಿಸಿ ಹಾಕುತ್ತ ಅವಳು ಎಷ್ಟು ಸಲ ಹೇಳಿದ್ದಳೋ. "ನನ್ನ ಸುಂದರಿ ನೋಡು, ಒಂದು ದಿನ ಕಣ್ಣಲ್ಲಿ ನೀರು ಹಾಕಿದವಳಲ್ಲ. ಅಪ್ಪ ಬರ್ತಾರೆ ಅಂತ ಅವಳಿಗೆ ಧೈರ್ಯ ಉಂಟು."

ಎಂಥ ಮಾತಿಗೂ ಎದುರುಮಾತಿದ್ದ ಬೀಫಾತಿಮ್ಮ, ಇದೊಂದು ಮಾತು ಬಂದಾಗ ಮೀನಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಂಥ ದಿನ ಅವಳು ಚೌಕಾಸಿಯನ್ನೂ ಮಾಡುತ್ತಿರಲಿಲ್ಲ ಎಂಬುದನ್ನು ಅಕ್ಕು ಗಮನಿಸಲಿಲ್ಲ.

ಸುಂದರಿ ಎಂಟನೆಯ ಕ್ಲಾಸು ಮುಗಿಸಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಹದಿನೇಳು ತುಂಬುವ ಹೊತ್ತಿಗೆ ಉಳ್ಳಾಲದ ಕಡೆಯಿಂದ ಸಂಬಂಧ ಬಂತು. ಹುಡುಗ ಇಂಜಿನ್ ದೋಣಿಯಲ್ಲಿ ದುಡಿಯುವವನು, ಬೂಬನಿಗೆ ಹಿಡಿಸಿದ. ಹುಡುಗನ ಮನೆಯ ಹಿರಿಯ ಬಂದು ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು, ಮೊಳೆಯ ಮೇಲಿನ ಮುಟ್ಟಾಳೆಯನ್ನೂ ಅಕ್ಕುವಿನ ಕರಿಮಣಿಯನ್ನೂ ನೋಡಿ, ಮೆತ್ತಗೆಯೇ ಹೇಳಿದ.

"ಹುಡುಗಿಯ ತಂದೆ ಇದ್ದರೆ ಅವರ ಹತ್ತಿರ ಮಾತಾಡುವ. ಇಲ್ಲದಿದ್ರೆ ಅವರ ಬೊಜ್ಜ ಮುಗಿಸಿ. ಎರಡೂ ಇಲ್ಲದ ಮನೆಯ ಸಂಬಂಧಕ್ಕೆ ನಮ್ಮವರು ಒಪ್ಪುವುದಿಲ್ಲ."

ಅವನು ಹೋದ ಮೇಲೆ ಬೂಬ ಬೀಡಿ ಹಚ್ಚಲಿಲ್ಲ. ತಂಗಿಯ ಎದುರಿಗೆ ಬಂದು ಕುಳಿತ. "ಅಕ್ಕು, ನಾನು ಅವನ ಕೈ ಹಿಡಿದಿದ್ದೆ. ಕೈ ಜಾರಿತು. ಎಂಟು ವರ್ಷದಿಂದ ನೀನು ನನ್ನನ್ನು ಅದೇ ಕೇಳ್ತಾ ಇದ್ದೀ. ಸಾಕು ಮಾರಾಯ್ತಿ, ನನ್ನಿಂದ ಆಗುವುದಿಲ್ಲ." ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಕೈ ಹಿಡಿದಿದ್ದ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಅಕ್ಕುವಿಗೆ ಆ ದಿನ ಹಳೆಯ ಪ್ರಶ್ನೆ ಬಾಯಿಗೆ ಬರಲಿಲ್ಲ.

ಮಂಗಳಾದೇವಿಯ ದಾರಿಯಲ್ಲಿ ಬುಟ್ಟಿ ಹೊತ್ತು ಹೋಗುವಾಗಲೂ, ಮೀನು ಕೊಯ್ಯುವಾಗಲೂ ಅವಳಿಗೆ ಒಂದೇ ಯೋಚನೆ. ಗಂಡ ಹೋದದ್ದು ಅವಳೊಳಗೆ ಎಲ್ಲೋ ಯಾವತ್ತೋ ಗೊತ್ತಾಗಿತ್ತು, ಅದನ್ನು ಇನ್ನು ಒಪ್ಪಬಹುದು. ಆದರೆ ಸುಂದರಿಗೆ ಹೇಳುವುದು ಹೇಗೆ? ಬರುತ್ತಾರೆ ಎಂದು ನಂಬಿಸಿ ಬೆಳೆಸಿದ ಮಗುವಿನ ಮುಂದೆ ಇವತ್ತು ಇಲ್ಲ ಎಂದರೆ ಅವಳು ತಡೆದುಕೊಳ್ಳುತ್ತಾಳೆಯೇ? ಈ ದುಃಖವನ್ನು ಹೇಳಿಕೊಳ್ಳಲು ಅವಳಿಗೆ ತೋಚಿದ್ದು ಬೀಫಾತಿಮ್ಮನ ಹಿತ್ತಿಲು.

"ಬೀಫಾತಿಮ್ಮ, ಹುಡುಗಿ ಒಡೆದು ಹೋಗ್ತಾಳೆ," ಎಂದಳು ಬುಟ್ಟಿ ಇಳಿಸಿ. "ನಾನು ಹೇಗೆ ಹೇಳಲಿ? ಅವಳಿಗೆ ಏನೂ ಗೊತ್ತಿಲ್ಲ."

ಬೀಫಾತಿಮ್ಮ ಅವಳ ಮುಖ ನೋಡಿದಳು. ಆಮೇಲೆ ಒಳಗೆ ಹೋದಳು, ಪೆಟ್ಟಿಗೆ ತೆರೆದ ಸದ್ದಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಮೂಲೆಗಳು ಸವೆದು ದುಂಡಗಾಗಿದ್ದವು, ಕೊನೆಯ ಹಾಳೆಯನ್ನು ಗೋಂದು ಹಚ್ಚಿ ಅಂಟಿಸಲಾಗಿತ್ತು.

ಅಕ್ಕುವಿಗೆ ಓದು ಬಾರದಿದ್ದರೂ ಆ ರಟ್ಟಿನ ಗುರುತು ಸಿಕ್ಕಿತು. "ಇದು ಅಂಗಡಿಗೆ ಹೋಗಿತ್ತಲ್ಲ?"

"ಹೋಗಲಿಲ್ಲ. ನಮ್ಮವರು ಸುಹರಾಳಿಗೆ ಅಂತ ತೆಗೆದುಕೊಂಡು ಬಂದ್ರು. ಆ ಹುಡುಗಿ ಖಾಲಿ ಕೈ ಹಿಡಿದು ನಿಂತದ್ದು ನೋಡ್ಲಿಕ್ಕೆ ಆಗ್ಲಿಲ್ಲ ಅಂದ್ರು." ಬೀಫಾತಿಮ್ಮ ಜಗಲಿಯ ಮೇಲೆ ಕುಳಿತಳು. "ಸುಂದರಿ ಇಲ್ಲಿಗೆ ಬರ್ತಾ ಇದ್ದದ್ದು ಪಾಠಕ್ಕಲ್ಲ ಅಕ್ಕು, ಇದನ್ನು ಓದ್ಲಿಕ್ಕೆ. ಅಕೋ, ಆ ಒರಳುಕಲ್ಲಿನ ಹತ್ತಿರ ಕೂತು ಓದುವುದು, ಕೊನೆಯ ಪುಟ ಬಂದಾಗ ಅಳುವುದು. ಮೊದಮೊದಲು ದಿನಾ. ಆಮೇಲೆ ಆಮೇಲೆ ಕಡಿಮೆ ಆಯ್ತು. ನಾನು ಹತ್ತಿರ ಹೋಗಿ ಬೆನ್ನು ಸವರ್ತಿದ್ದೆ. ಬೇರೆ ಎಂತ ಮಾಡ್ಲಿಕ್ಕೆ ಆಗ್ತದೆ?"

"ಅಳ್ತಿದ್ದಳಾ? ಸುಂದರಿಯಾ?"

"ಮನೆಯಲ್ಲಿ ಯಾಕೆ ಅಳುವುದಿಲ್ಲ ಮಗಾ ಅಂತ ಒಮ್ಮೆ ಕೇಳಿದೆ. ಅಮ್ಮ ಬಾಯಿ ಮುಚ್ಚಿಸ್ತಾಳೆ ಅಂದಳು. ಶಾಲೆಯಲ್ಲಿ ಆ ಪುಸ್ತಕ ಎತ್ತಿದ್ದೂ ಬೇಕು ಅಂತಲೇ ಅಂತೆ. ಕಟ್ಟು ಬಂದ ದಿನವೇ ಅವಳು ಅದನ್ನು ಓದಿ ನೋಡಿದ್ದಳಂತೆ. ನಾನು ಹೇಳಿದ್ರೆ ಅಮ್ಮ ಬಿಡುವುದಿಲ್ಲ, ಪುಸ್ತಕ ಹೇಳಿದ್ರೆ ಕೇಳಬಹುದು, ಆಮೇಲೆ ಅಮ್ಮ ನನ್ನ ಹತ್ತಿರ ಕೂತು ಅಳಬಹುದು ಅಂತ ಎಣಿಸಿದ್ದಳಂತೆ. ನಿನಗೆ ಹೇಳ್ಬಾರದು ಅಂತ ನನ್ನಿಂದ ಆಣೆ ಹಾಕಿಸಿದ್ದಾಳೆ. ಹೇಳಿದ್ರೆ ಇಲ್ಲಿಗೂ ಬಿಡುವುದಿಲ್ಲ ನೀನು ಅಂತ ಅವಳಿಗೆ ಹೆದರಿಕೆ. ಇವತ್ತು ಆಣೆ ಮುರಿದೆ, ಅಲ್ಲಾಹು ಮಾಫ್ ಮಾಡಲಿ."

ಪುಸ್ತಕಕ್ಕೆ ಮೀನಿನ ನೀರು ತಾಗಬಾರದೆಂದು ಬೀಫಾತಿಮ್ಮ ಅದನ್ನು ಒಂದು ಒಗೆದ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಅರ್ಧ ತುಂಬಿದ ಬುಟ್ಟಿಯನ್ನು ಅಲ್ಲೇ ಬಿಟ್ಟು ಅಕ್ಕು ನಡೆದಳು. ಕಾಲು ಅವಳನ್ನು ಮನೆಗೆ ಒಯ್ಯಲಿಲ್ಲ, ಶಾಲೆಗೆ ಒಯ್ದಿತು.

ಝೇವಿಯರ್ ಮಾಸ್ಟ್ರು ಇನ್ನೂ ಅಲ್ಲೇ ಇದ್ದರು. ತಲೆ ಪೂರ್ತಿ ನರೆತಿತ್ತು, ಮುಂದಿನ ವರ್ಷ ನಿವೃತ್ತಿ. ಅಕ್ಕು ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟಳು.

"ಮಾಸ್ಟ್ರೆ, ಇದು ಬೇಕು. ಅವತ್ತು ನಾನು ಬೇಡ ಅಂದದ್ದು ತಪ್ಪಾಯ್ತು. ಈಗ ಬೇಕು ಅಂತ ಹೇಳ್ಲಿಕ್ಕೆ ಬಂದೆ."

ಮಾಸ್ಟ್ರು ಪುಸ್ತಕ ತಿರುವಿ ನೋಡಿದರು. ಅವರಿಗೂ ನೆನಪಾಯಿತು. "ಈಗ ಆ ಕ್ರಮ ಇಲ್ಲ ಅಕ್ಕು. ಪುಸ್ತಕ ಸರಕಾರದಿಂದಲೇ ಬರ್ತದೆ," ಎಂದರು. ಆಮೇಲೆ ಕನ್ನಡಕ ತೆಗೆದು, ಆರು ವರ್ಷ ತಡವಾಗಿ, ಆ ಪ್ರಶ್ನೆ ಕೇಳಿದರು. "ಅವತ್ತು ಯಾಕೆ ಬೇಡ ಅಂದೆ?"

ಅಕ್ಕು ಮೇಜಿನ ಅಂಚು ಹಿಡಿದುಕೊಂಡಳು.

"ನನ್ನ ಗಂಡ ಸತ್ತಿದ್ದಾರೆ ಮಾಸ್ಟ್ರೆ," ಎಂದಳು. "ಅದಕ್ಕೆ."

ಹೇಳಿದ ಮೇಲೆ ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಮಾಸ್ಟ್ರು ಎದ್ದು ಬಂದು ನೀರು ತರಿಸಿಕೊಟ್ಟರು. "ನಾನು ಅವತ್ತೇ ಕೇಳಬೇಕಿತ್ತು," ಎಂದು ಅವರು ಎರಡು ಸಲ ಹೇಳಿದರು. ಜಗಳಕ್ಕೆ ಹೆದರಿ ಮಾಡಿದ ಕ್ರಮ ಅದು. ಆದರೆ ಆ ಶನಿವಾರ ಅಲ್ಲಿ ಜಗಳವಾಡಲು ಯಾರಿದ್ದರು? ಒಬ್ಬಳು ತಾಯಿ, ಒಬ್ಬಳು ಮಗಳು, ಅಷ್ಟೇ. ಪುಸ್ತಕವನ್ನು ಅವರು ಮತ್ತೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟು, ಮೊದಲು ಮನೆಗೆ ಹೋಗು ಎಂದರು.

ಬೊಜ್ಜಕ್ಕೆ ದಿನ ಗೊತ್ತಾಯಿತು. ತಂದೆಯ ಬೊಜ್ಜ ಎಂದು ಬೂಬ ಸುಂದರಿಗೆ ಹೇಳಿದಾಗ ಅವಳು, "ಆಗಲಿ ಮಾವ," ಎಂದಳು. ಹೆಣವಿಲ್ಲದ ಕ್ರಿಯೆ. ಹೊಳೆಯ ದಡದಲ್ಲಿ ಚಿತೆಯ ಮೇಲೆ ಏನಿಡಬೇಕೆಂದು ಹಿರಿಯರು ಯೋಚಿಸುತ್ತಿದ್ದಾಗ ಬೂಬ ಮೊಳೆಯ ಮೇಲಿದ್ದ ಮುಟ್ಟಾಳೆಯನ್ನು ತಂದಿಟ್ಟ. ಒಣಗಿದ ಹಾಳೆ, ಬೇಗ ಉರಿದುಹೋಯಿತು. ಅಕ್ಕು ಕರಿಮಣಿ ತೆಗೆದಳು. ಊರವರು ಬಂದರು, ಅಹ್ಮದ್ ಬಾವರೂ ಬಂದು ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಹೋದರು. ಊಟವಾಯಿತು, ಎಲೆ ಎತ್ತಿದರು. ಅಲ್ಲಿಯವರೆಗೂ ಅಕ್ಕು ಅಳಲಿಲ್ಲ. ಮಗಳ ಜೊತೆಗೆ ಅಳಬೇಕೆಂದು ಅವಳು ಕಾದಿದ್ದಳು. ಅವತ್ತು ಬೆಂಚಿನಿಂದ ಎದ್ದು ಕಿತ್ತುಕೊಂಡದ್ದನ್ನು ಇವತ್ತು ತಿರುಗಿ ಕೊಡಬೇಕೆಂದು ಅವಳ ಆಸೆ.

ಮಧ್ಯಾಹ್ನ ಇಳಿದಾಗ ಎಲ್ಲರೂ ಹೋಗಿದ್ದರು. ಸುಂದರಿ ಹಿತ್ತಿಲಲ್ಲಿ ಹಂಡೆ ತೊಳೆಯುತ್ತಿದ್ದಳು. ಅಕ್ಕು ಬಟ್ಟೆ ಬಿಚ್ಚಿ ಪುಸ್ತಕವನ್ನು ಅವಳ ಮುಂದೆ ಹಿಡಿದಳು.

ಸುಂದರಿ ಅದನ್ನು ನೋಡಿದಳು, ತಾಯಿಯನ್ನು ನೋಡಿದಳು. ಯಾರು ಕೊಟ್ಟರು ಎಂದು ಕೇಳಲಿಲ್ಲ.

"ಕೊನೆಯ ಪುಟ ಓದು," ಎಂದಳು ಅಕ್ಕು. "ನಾನು ಪೂರ್ತಿ ಕೇಳ್ತೇನೆ."

ಸುಂದರಿ ಕೈ ಒರೆಸಿಕೊಂಡು ಬಂದು ತಾಯಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತಳು. ಪುಸ್ತಕ ತೆರೆದಳೇ ಹೊರತು ಅದರ ಕಡೆ ನೋಡಲಿಲ್ಲ, ಅವಳಿಗೆ ಬಾಯಿಪಾಠವಾಗಿತ್ತು. ಮೊದಲು ಕನ್ನಡದಲ್ಲಿ ಹೇಳಿದಳು, ಆಮೇಲೆ ಶಾಲೆಯ ಕ್ರಮದಂತೆ ತುಳುವಿನಲ್ಲಿ. ತಂದೆ ಇನ್ನು ಬರುವುದಿಲ್ಲ. ಅವನು ಕಡಲಲ್ಲಿ ಸತ್ತುಹೋದ. ಬಾ ಮಗು ಅಳು, ನಾನೂ ಅಳುತ್ತೇನೆ.

ಬೀದಿಯೆಲ್ಲ ಕೇಳುವ ಹಾಗೆ ಮೀನು ಕೂಗುತ್ತಿದ್ದ ಅಕ್ಕುವಿನ ಗಂಟಲಿನಿಂದ ಅಳು ಬಂತು. ಗಿರಿಯಪ್ಪನ ಹೆಸರು ಹಿಡಿದು ಅತ್ತಳು. ಅಳುತ್ತಲೇ ಕೈ ಚಾಚಿ ಮಗಳನ್ನು ಹತ್ತಿರ ಎಳೆದುಕೊಂಡು, "ನೀನೂ ಅಳು ಮಗಾ, ಇನ್ನು ನಾನು ಬೇಡ ಅನ್ನುವುದಿಲ್ಲ. ಅಳು," ಎಂದಳು.

ಸುಂದರಿಯ ಕಣ್ಣು ಒಣಗಿತ್ತು. ಅವಳು ತಾಯಿಯ ಬೆನ್ನ ಮೇಲೆ ಕೈಯಿಟ್ಟು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರತೊಡಗಿದಳು. ಹಾಗೆ ಸವರುವುದನ್ನು ಅವಳು ಕಲಿತದ್ದು ಯಾರಿಂದ ಎಂದು ಅಕ್ಕುವಿಗೆ ಗೊತ್ತಾಯಿತು.

"ನೀನು ಅಳು ಅಮ್ಮ," ಎಂದಳು ಸುಂದರಿ. "ನನ್ನದು ಸುಹರಾಳ ಮನೆಯಲ್ಲೇ ಮುಗಿದು ಹೋಗಿದೆ."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅಕ್ಕು ಅದಕ್ಕೆ ಏನಾದರೂ ಉತ್ತರ ಕೊಡುತ್ತಿದ್ದಳು. ಹೊಳೆಯ ಮೇಲೆ ಬಿಸಿಲು ಇಳಿಯುವವರೆಗೂ ಮಗಳು ಪಕ್ಕದಲ್ಲೇ ಕುಳಿತು ಬೆನ್ನು ಸವರುತ್ತಿದ್ದಳು, ಅಕ್ಕು ಒಬ್ಬಳೇ ಅತ್ತಳು.